ಹುತುತು ಅಂಗಳದ ಹಳೆಯ ಹಿಡಿತ

ಹೋದ ಕಾಲವನ್ನು ಹೊಗಳುವುದು ಮನುಷ್ಯನ ಸಹಜ ಸ್ವಭಾವ. ಹಿಂದಿನ ಮಳೆ ಹದವಾಗಿತ್ತು, ಹಿಂದಿನ ಜೋಳ ರುಚಿಯಾಗಿತ್ತು, ಹಿಂದಿನ ಆಳು ಗಟ್ಟಿಯಾಗಿದ್ದ ಎಂದು ಹೇಳದ ಹಿರಿಯರಿಲ್ಲ. ರೋಣ, ನರಗುಂದ, ಗಜೇಂದ್ರಗಡಗಳ ಕಡೆ ಈ ಮಾತು ಆಟದ ಅಂಗಳಕ್ಕೂ ಬರುತ್ತದೆ. ದೂರದರ್ಶನದ ಪರದೆಯ ಮೇಲೆ ಬಣ್ಣದ ಚಾಪೆಯ ಕಬಡ್ಡಿ ನಡೆಯುತ್ತಿರುವಾಗ, ಒಂದು ಕಾಲಕ್ಕೆ ಅಂಗಳಕ್ಕಿಳಿದವರು ತಲೆಯಾಡಿಸಿ, “ಇದೆಂಥ ಹಿಡಿತ? ಆಗಿನ ಹುತುತು ಹಿಡಿತವೇ ಹಿಡಿತ” ಎನ್ನುತ್ತಾರೆ. ಈ ಮಾತಿನಲ್ಲಿ ನಿಜವೆಷ್ಟು, ನೆನಪಿನ ಬಣ್ಣವೆಷ್ಟು ಎಂಬುದನ್ನು ಕೊಂಚ ವಿಚಾರಿಸೋಣ.

ಕಾಯುವ ವಿದ್ಯೆ ಈ ನಾಡಿಗೆ ಹೊಸದಲ್ಲ. 1785ರಲ್ಲಿ ಟಿಪ್ಪುವಿನ ಸೇನೆ ಮುತ್ತಿದ ನರಗುಂದದ ಗುಡ್ಡ, 1787ರಲ್ಲಿ ಮರಾಠರಿಗೂ ಟಿಪ್ಪುವಿಗೂ ಒಪ್ಪಂದವಾದ ಗಜೇಂದ್ರಗಡ, 1858ರಲ್ಲಿ ಬ್ರಿಟಿಷರಿಗೆ ಎದುರಾಗಿ ನಿಂತ ಬಾಬಾಸಾಹೇಬ ಭಾವೆಯವರ ಸಂಸ್ಥಾನ, ಎಲ್ಲವೂ ಒಂದು ದಿನದ ದಾರಿಯೊಳಗೆ ಸಿಗುತ್ತವೆ. ಕೋಟೆಯ ಕಥೆ ಕೇಳಿ ಬೆಳೆದ ಹುಡುಗರಿಗೆ ಹುತುತು ಅಂಗಳವೂ ಒಂದು ಕೋಟೆಯೇ. ಏಳು ಜನ ಒಳಗೆ, ವೈರಿ ಒಬ್ಬನೇ ಒಳನುಗ್ಗುವವನು. ಆತ ಮುಟ್ಟಿ ಹಿಂದಿರುಗಿದರೆ ಗೋಡೆಯ ಕಲ್ಲೊಂದು ಬಿತ್ತು. ಗೆರೆ ದಾಟಗೊಡದೆ ಹಿಡಿದರೆ ಕೋಟೆ ಉಳಿಯಿತು.

ಆಟದ ಚರಿತ್ರೆಯನ್ನೂ ನೋಡಬೇಕು. ಒಂದೇ ಆಟಕ್ಕೆ ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರು. ಮೈಸೂರು, ತಮಿಳುನಾಡುಗಳ ಕಡೆ ಚೆಡುಗುಡು, ಮುಂಬಯಿ ಪ್ರಾಂತದಲ್ಲಿ ಹುತುತು. ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದುದರಿಂದ ರೋಣ, ನರಗುಂದದ ಕಡೆಗೆ ಹುತುತು ಎಂಬ ಹೆಸರೇ ಒಗ್ಗಿತು. ಆಟಕ್ಕೆ ಬರಹದ ನಿಯಮಗಳನ್ನು ಕಟ್ಟುವ ಕೆಲಸ ಮಹಾರಾಷ್ಟ್ರದಲ್ಲಿ 1920ರ ಆಸುಪಾಸಿನಲ್ಲಿ ಮೊದಲಾಯಿತು. 1936ರಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯವರು ಬರ್ಲಿನ್ ಒಲಿಂಪಿಕ್ಸ್ ಕಾಲದಲ್ಲಿ ಈ ದೇಶೀ ಆಟವನ್ನು ಹೊರನಾಡಿಗರಿಗೆ ತೋರಿಸಿದರು. ಅಖಿಲ ಭಾರತ ಕಬಡ್ಡಿ ಫೆಡರೇಷನ್ ಹುಟ್ಟಿದ್ದು 1950ರಲ್ಲಿ. ಧಾರವಾಡದಲ್ಲಿ ಆಕಾಶವಾಣಿ ಮೊದಲು ನುಡಿದದ್ದೂ ಅದೇ ವರ್ಷವೇ. ಎರಡು ವರ್ಷ ಕಳೆದು 1952ರಲ್ಲಿ ಮದರಾಸಿನಲ್ಲಿ ಮೊದಲ ರಾಷ್ಟ್ರೀಯ ಪಂದ್ಯಾಟ ನಡೆಯಿತು. ಅಲ್ಲಿಂದ ಹುತುತು, ಚೆಡುಗುಡು ಎಂಬ ಊರ ಹೆಸರುಗಳು ಮೆಲ್ಲಗೆ ಹಿಂದೆ ಸರಿದು ಕಬಡ್ಡಿ ಎಂಬ ಒಂದೇ ಹೆಸರು ನಿಂತಿತು.

ಹಳೆಯ ಹಿಡಿತಕ್ಕೆ ಅಷ್ಟು ಹೆಸರು ಬರಲು ಎರಡು ಕಾರಣಗಳುಂಟು. ಮೊದಲನೆಯದು ಉಸಿರು. ದಾಳಿಗೆ ಹೋದವನು ಒಂದೇ ಉಸಿರಿನಲ್ಲಿ ಹುತುತು ಎನ್ನುತ್ತಲೇ ಇರಬೇಕು. ಉಸಿರು ಕಡಿದರೆ ಆತ ಔಟು. ಆದ್ದರಿಂದ ಹಿಡಿಯುವವನ ಕೆಲಸ ಕೆಡವಿದೊಡನೆ ಮುಗಿಯುತ್ತಿರಲಿಲ್ಲ. ಕೆಳಗೆ ಬಿದ್ದವನು ಒಂದೊಂದು ಅಂಗುಲ ತೆವಳುತ್ತ, ಗೆರೆಯತ್ತ ಬೆರಳು ಚಾಚುತ್ತ, ಎದೆಯ ಕೊನೆಯ ಗಾಳಿಯನ್ನು ಜಿಪುಣನಂತೆ ಖರ್ಚು ಮಾಡುತ್ತಿರುವಾಗ, ಆ ಸದ್ದು ನಿಲ್ಲುವವರೆಗೂ ಪಟ್ಟು ಸಡಿಲಿಸದೆ ಇರಬೇಕು. ಹಿಡಿದವನು ಕಿವಿಯಿಂದಲೂ ಆಡಬೇಕಾಗಿತ್ತು. ಇಂಥ ದಮ್ಮಿನ ಆಟವಾಡುತ್ತಿದ್ದ ಸೀಮೆಯ ರೋಣದಲ್ಲಿಯೇ 1922ರಲ್ಲಿ ಪಂಡಿತ ಭೀಮಸೇನ ಜೋಶಿಯವರು ಜನಿಸಿದರೆಂಬುದನ್ನು ನೆನೆದರೆ, ಉಸಿರಿನ ಬೆಲೆ ಬಲ್ಲ ನಾಡು ಇದೆಂದು ಹೇಳಬೇಕೆನಿಸುತ್ತದೆ.

ಎರಡನೆಯದು ಆಟದ ಕ್ರಮ. ಹಿಂದೆ ಸಂಜೀವಿನಿ, ಗಾಮಿನಿ, ಅಮರ ಎಂದು ಮೂರು ಬಗೆಗಳಿದ್ದುವು. ಸಂಜೀವಿನಿಯಲ್ಲಿ ಎದುರಾಳಿ ಔಟಾದರೆ ಹೊರಗೆ ಕುಳಿತ ನಮ್ಮವನು ಜೀವ ಪಡೆದು ಒಳಗೆ ಬರುತ್ತಾನೆ. ಅಮರದಲ್ಲಿ ಯಾರೂ ಹೊರಗೆ ಹೋಗುವುದೇ ಇಲ್ಲ, ಅಂಕವನ್ನು ಮಾತ್ರ ಎಣಿಸುತ್ತಾರೆ. ಗಾಮಿನಿಯದು ನಿರ್ದಯದ ಲೆಕ್ಕ: ಹೋದವನು ಹೋದ; ಇಡೀ ತಂಡ ಮುಗಿಯುವವರೆಗೂ ಅವನಿಗೆ ಮರುಜೀವವಿಲ್ಲ. ಏಳು ಆರಾಗಿ, ಆರು ಮೂರಾಗಿ, ಕೊನೆಗೆ ಒಬ್ಬನೇ ಉಳಿದು ಅಷ್ಟಗಲದ ಅಂಗಳವನ್ನು ಕಾಯುವ ಹೊತ್ತು ಬರುತ್ತಿತ್ತು. ನೋಡುವವರ ಮನಸ್ಸಿನಲ್ಲಿ ಅಚ್ಚೊತ್ತಿ ನಿಲ್ಲುವುದು ಇಂಥ ಒಂಟಿ ಆಳಿನ ಚಿತ್ರವೇ. ಕೊನೆಗೆ ರಾಷ್ಟ್ರದ ಆಟವಾಗಿ ನಿಂತದ್ದು ಸಂಜೀವಿನಿ.

ಹಿಡಿತದ ವಿದ್ಯೆಯಲ್ಲಿಯೂ ಪಂಗಡಗಳಿವೆ. ಮೂಲೆಯಲ್ಲಿ ನಿಂತವನದು ಕಣಕಾಲು ಪಟ್ಟು. ದಾಳಿಗಾರ ಕಾಲು ಚಾಚಿ ಹಿಂತೆಗೆಯುವ ಅರೆಚಣದಲ್ಲಿ ಹಾವಿನಂತೆ ನೆಲಕ್ಕೆ ಹರಿದು ಹರಡನ್ನು ಕಚ್ಚಿ ಹಿಡಿಯಬೇಕು. ತೊಡೆಯ ಪಟ್ಟಿಗೆ ತೋಳಿನ ಕಸುವು ಬೇಕು. ಸೊಂಟದ ಪಟ್ಟಿಗೆ ಹಿಂದಿನಿಂದ ನುಗ್ಗುವ ಧೈರ್ಯ ಬೇಕು. ಇವೆಲ್ಲಕ್ಕಿಂತ ಹಿರಿದು ಸರಪಳಿ: ಇಬ್ಬರು ಕೈಗೆ ಕೈ ಕೊಟ್ಟು ನಿಂತು, ಬಂದವನ ಹಿಂದಾರಿಯನ್ನೇ ಮುಚ್ಚಿಬಿಡುವುದು. ಅಂಗಳದಲ್ಲಿ ಕೈಹಿಡಿದವರು ಊರಲ್ಲಿ ಬೇರೆ ಬೇರೆ ಓಣಿಯವರಾಗಿರಬಹುದು. ಆದರೆ ಆ ಗಳಿಗೆಯಲ್ಲಿ ಒಬ್ಬನ ಕೈ ಸಡಿಲಾದರೆ ಮತ್ತೊಬ್ಬನ ಆಟವೂ ಕೆಟ್ಟಿತು. ಪಾಠ ಹೇಳಿಕೊಡುವವರಿಲ್ಲದೆಯೇ ಆಟ ಈ ಪಾಠವನ್ನು ಕಲಿಸುತ್ತಿತ್ತು.

ಇಷ್ಟು ಹೊಗಳಿದ ಮೇಲೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡುವುದು ನ್ಯಾಯ. ನರಗುಂದ, ರೋಣಗಳದು ಹೆಚ್ಚಾಗಿ ಎರೆನೆಲ. ಮಳೆಯಲ್ಲಿ ಅಂಟು, ಬೇಸಿಗೆಯಲ್ಲಿ ಬಿರುಕು. ಒಣಗಿದ ಹೆಂಟೆಯ ಅಂಚು ಕಲ್ಲಿಗಿಂತ ಕಡಿಮೆಯಲ್ಲ. ಅಂಥ ನೆಲದ ಮೇಲೆ ಬರಿಮೈ, ಬರಿಗಾಲಿನ ಆಳನ್ನು ಎತ್ತಿ ಒಗೆದರೆ ಮೊಣಕಾಲು, ಭುಜ, ಕೊರಳೆಲುಬು ಏನಾದೀತು? ಆಡುವವರು ಬಹುಮಟ್ಟಿಗೆ ದುಡಿದು ಉಣ್ಣುವವರು. ಶ್ರಾವಣದ ಪಂಚಮಿಯಲ್ಲಿ ಮುರಿದ ತೋಳು ಹಿಂಗಾರಿಯ ಬಿತ್ತಿಗೆಗೆ ಕೂಡದಿದ್ದರೆ, ಆ ಹಿಡಿತದ ಬೆಲೆಯನ್ನು ತೆರುವವರು ಚಪ್ಪಾಳೆ ತಟ್ಟಿದವರಲ್ಲ, ಮನೆಯ ಹೆಂಡಿರು ಮಕ್ಕಳು. ಗೆದ್ದವನ ಹೆಸರನ್ನು ಕಟ್ಟೆಯ ಮೇಲೆ ನೆನೆಯುತ್ತಾರೆ. ಕುಂಟುತ್ತ ಹೊಲಕ್ಕೆ ಹೋದವನ ನೆನಪು ಆ ಕಥೆಯಲ್ಲಿ ಸೇರುವುದಿಲ್ಲ. ಬಾಯಿ ಮುಚ್ಚಿ ಉಸಿರು ಕಟ್ಟಿಸುವುದು, ಕೂದಲು ಹಿಡಿದೆಳೆಯುವುದು, ಎರಡು ಕಾಲಿನ ನಡುವೆ ಕತ್ತರಿಯಂತೆ ಸಿಕ್ಕಿಸಿ ತಿರುಚುವುದು ತಪ್ಪೆಂದು ನಿಯಮ ಪುಸ್ತಕದಲ್ಲಿ ಬರೆಯಬೇಕಾಗಿ ಬಂದದ್ದೇಕೆ? ಯಾರೂ ಮಾಡದ ತಪ್ಪಿಗೆ ಯಾರೂ ನಿಯಮ ಬರೆಯುವುದಿಲ್ಲ.

ಈ ಹಂಬಲ ನಮ್ಮೊಬ್ಬರದೇ ಅಲ್ಲ. ಅಮೆರಿಕದವರ ಫುಟ್ಬಾಲು ನಮ್ಮ ಕಾಲ್ಚೆಂಡಿನಂತಲ್ಲ. ಚೆಂಡು ಹಿಡಿದು ಓಡುವವನನ್ನು ಅಡ್ಡಗಟ್ಟಿ ಕೆಡವುವ ಆಟ. ಅಲ್ಲಿಯೂ ಹಳಬರು 1960, 70ರ ದಶಕಗಳ ಕಾವಲುಗಾರರನ್ನು ನೆನೆದು ನಿಟ್ಟುಸಿರು ಬಿಡುತ್ತಾರೆ. ಷಿಕಾಗೊ ತಂಡದ ಡಿಕ್ ಬಟ್ಕಸ್, ‘ಉಕ್ಕಿನ ಪರದೆ’ ಎಂದು ಬಿರುದು ಪಡೆದ ಪಿಟ್ಸ್‌ಬರ್ಗಿನ ಸಾಲು ಅವರಿಗೆ ಪುರಾಣಪುರುಷರು. ಅಂಗೈಯಿಂದ ಎದುರಾಳಿಯ ತಲೆಗೆ ಅಪ್ಪಳಿಸುವ ಪಟ್ಟನ್ನು 1977ರಲ್ಲಿ ನಿಷೇಧಿಸಿದರು. ಮರುವರ್ಷವೇ ಡ್ಯಾರಿಲ್ ಸ್ಟಿಂಗ್ಲಿ ಎಂಬ ಆಟಗಾರ ಒಂದು ಹೊಡೆತಕ್ಕೆ ಕುತ್ತಿಗೆ ಮುರಿದು ಬಾಳೆಲ್ಲ ಗಾಲಿಕುರ್ಚಿಗೆ ಸೇರಿದ. 2002ರಲ್ಲಿ ತೀರಿಕೊಂಡ ಪಿಟ್ಸ್‌ಬರ್ಗಿನ ಮೈಕ್ ವೆಬ್‌ಸ್ಟರನ ಮೆದುಳನ್ನು ಪರೀಕ್ಷಿಸಿದ ವೈದ್ಯ ಬೆನೆಟ್ ಒಮಾಲು, ವರ್ಷವರ್ಷಗಳ ಪೆಟ್ಟು ಒಳಗೊಳಗೇ ಮಾಡಿದ ಹಾನಿಯನ್ನು 2005ರಲ್ಲಿ ಲೋಕಕ್ಕೆ ತಿಳಿಸಿದರು. ಚಪ್ಪಾಳೆ ಅಂದೇ ಮುಗಿದಿತ್ತು. ಲೆಕ್ಕ ಮಾತ್ರ ಮೂವತ್ತು ವರ್ಷದ ಮೇಲೆ ಬಂತು.

ಇನ್ನು ಇಂದಿನ ಕಬಡ್ಡಿಯಲ್ಲಿ ಹಿಡಿತ ಸತ್ತಿದೆಯೇ? ಇಲ್ಲ. ಅದು ರೂಪ ಬದಲಿಸಿದೆ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಮೊದಲಾದ ಮೇಲೆ ಚಾಪೆ, ಕಾಲಿಗೆ ಪಾದರಕ್ಷೆ, ದೀಪಗಳ ಝಗಮಗ ಎಲ್ಲ ಮನೆಮನೆಗೆ ಬಂದುವು. ದಾಳಿಗೆ 30 ಸೆಕೆಂಡಿನ ಗಡುವು. ಉಸಿರಿನ ಗದ್ದುಗೆಯಲ್ಲಿ ಗಡಿಯಾರ ಬಂದು ಕುಳಿತಿದೆ. ಇದು ನಷ್ಟವೆಂದು ಹಳಬರು ಹೇಳಿದರೆ ಒಪ್ಪಬೇಕಾದದ್ದೇ. ಆದರೆ ಮೂವರೋ ಅದಕ್ಕೂ ಕಡಿಮೆಯೋ ಉಳಿದಾಗ ದಾಳಿಗಾರನನ್ನು ಹಿಡಿದರೆ ಎರಡು ಅಂಕ ಸಿಗುತ್ತದೆ. ಗಾಮಿನಿಯ ಒಂಟಿ ಆಳಿಗೆ ಸಲ್ಲುತ್ತಿದ್ದ ಗೌರವವನ್ನು ಹೊಸ ನಿಯಮ ಬೇರೆ ಬಗೆಯಲ್ಲಿ ಸಲ್ಲಿಸಿದೆ ಎನ್ನಬಹುದು. 1990ರಿಂದ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನವನ್ನೇ ಬಿಟ್ಟುಕೊಡದಿದ್ದ ಭಾರತದ ಪುರುಷರ ತಂಡವನ್ನು 2018ರ ಉಪಾಂತ್ಯದಲ್ಲಿ ಇರಾನಿನವರು ಕಟ್ಟಿಹಾಕಿದಾಗ, ಹಿಡಿತದ ಮಹಿಮೆ ಏನೆಂದು ನಮಗೆ ಮತ್ತೊಮ್ಮೆ ಮನವರಿಕೆಯಾಯಿತು. 2023ರಲ್ಲಿ 33–29ರ ಅಂತರದಿಂದ ಅದೇ ಇರಾನನ್ನು ಸೋಲಿಸಿ ಚಿನ್ನವನ್ನು ಮರಳಿ ಪಡೆದುದೂ ಉಂಟು. ಕನ್ನಡನಾಡಿನ ಬಿ. ಸಿ. ರಮೇಶರು ತರಬೇತುದಾರರಾಗಿ ಪುಣೆಯ ತಂಡವನ್ನು 2024ರಲ್ಲಿ ಗೆಲುವಿಗೆ ತಂದರು. ಕಾರ್ಕಳದ ಕಡೆಯ ಮಮತಾ ಪೂಜಾರಿಯವರು 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಹಳೆಯ ಅಂಗಳದ ಸುತ್ತ ಹೆಣ್ಣುಮಕ್ಕಳು ನೋಡುವವರಾಗಿ ಕೂಡ ಹೆಚ್ಚಾಗಿ ನಿಲ್ಲುತ್ತಿರಲಿಲ್ಲವೆಂಬುದನ್ನು ಹೊಗಳುವವರು ಮರೆಯಬಾರದು.

ಹಾಗಾದರೆ ಹಳೆಯ ಆಟದಿಂದ ಉಳಿಸಿಕೊಳ್ಳತಕ್ಕದ್ದು ಯಾವುದು? ಎಲುಬು ಮುರಿಯುವ ಕಾಠಿಣ್ಯವಂತೂ ಅಲ್ಲ. ಅದನ್ನು ಹೊಗಳುವುದು ಸುಲಭ; ಹೊತ್ತು ಬಾಳುವುದು ಕಷ್ಟ. ಸದ್ದು ನಿಲ್ಲುವವರೆಗೆ ಬಿಡದ ಪಟ್ಟು, ಕೈಹಿಡಿದವನ ಕೈಯನ್ನು ಸಡಿಲಿಸದ ನಂಬಿಕೆ, ಒಬ್ಬನೇ ಉಳಿದಾಗಲೂ ಗೆರೆ ಬಿಟ್ಟು ಓಡದ ಕೆಚ್ಚು, ಇವು ಮೂರೂ ನೆಲ ಎರೆಯಾದರೇನು, ಮಸಾರಿಯಾದರೇನು, ಚಾಪೆಯಾದರೇನು, ಎಲ್ಲೆಡೆಯೂ ಸಲ್ಲುವಂಥವು. ಊರಿನ ಅಂಗಳಕ್ಕೆ ನಾಲ್ಕು ಗಾಡಿ ಮೆದುಮಣ್ಣು ಹಾಕಿಸಿ, ನಿಯಮ ಬಲ್ಲ ಪಂಚನೊಬ್ಬನನ್ನು ನಿಲ್ಲಿಸಿ, ಆಡುವ ಮಕ್ಕಳಿಗೆ ಬೀಳುವ ರೀತಿಯನ್ನು ಮೊದಲು ಕಲಿಸಿದರೆ, ಹಿಡಿಯುವ ರೀತಿ ತಾನಾಗಿ ಬರುತ್ತದೆ. ಹಿರಿಯರ ಹೆಮ್ಮೆಗೂ ಕುಂದಿಲ್ಲ, ಕಿರಿಯರ ಮೈಗೂ ಕೇಡಿಲ್ಲ.