ಕಂಪನಿ: ಒಂದು ಪದ, ಹಲವು ಅರ್ಥ

ಜತೆಗೂಡಿ ರೊಟ್ಟಿ ತಿನ್ನುವವರು ಎಂಬುದು 'ಕಂಪನಿ' ಪದದ ಲ್ಯಾಟಿನ್ ಮೂಲಾರ್ಥ. 'ಊಟಕ್ಕೆ ಕಂಪನಿ ಕೊಡಿ' ಎನ್ನುವಾಗ ಆ ಅರ್ಥ ಇಂದಿಗೂ ಜೀವಂತ. ಆದರೆ ಕನ್ನಡ ನಾಡಿನಲ್ಲಿ ಈ ಪದ ಮೊದಲು ಬೇರೂರಿದ್ದು ಆಳುವವರ ಹೆಸರಾಗಿ. ಲಾವಣಿಗಳಲ್ಲಿ ಬರುವ 'ಕುಂಪಣಿ' ಎಂದರೆ ಈಸ್ಟ್ ಇಂಡಿಯಾ ಕಂಪನಿ. 1857ರಲ್ಲಿ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದ್ದು ಈ ಸರಕಾರಕ್ಕೇ. ಮರುವರ್ಷ ಅದರ ಆಳ್ವಿಕೆ ಮುಗಿಯಿತು. ಪದ ಮಾತ್ರ ಉಳಿಯಿತು.

ಸೇನೆಯಲ್ಲಿ ಕಂಪನಿ ಎಂದರೆ ಒಂದು ತುಕಡಿ. 2013ರ ಕಾಯ್ದೆಯಂತೆ ನೋಂದಾಯಿತ ಸಂಸ್ಥೆ.

ಪದಕ್ಕೆ ನಿಜವಾದ ಕನ್ನಡತನ ತಂದದ್ದು ವೃತ್ತಿ ರಂಗಭೂಮಿ. 1884ರಲ್ಲಿ ಆರಂಭವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘದ ಹೆಸರಿನಲ್ಲಿ ಈ ಪದವೇ ಇಲ್ಲ. ಆದರೂ ಜನ ಕರೆದದ್ದು 'ಗುಬ್ಬಿ ಕಂಪನಿ' ಎಂದು. ಟಿಕೆಟ್, ಪರದೆ, ಸಂಬಳದ ನಟರು ಇದ್ದ ಈ ಬಗೆಯ ತಂಡಗಳ ಪ್ರಯೋಗಗಳೇ 'ಕಂಪನಿ ನಾಟಕ'ಗಳು.

ಹಳೆಯ ಆಟಗಳನ್ನೆಲ್ಲ ಈ ಹೆಸರಿನಡಿ ತರುವುದು ಮಾತ್ರ ಸಲ್ಲದು. ಬೆಳಗಾವಿ ಜಿಲ್ಲೆ ಮೂಡಲಗಿ ತಾಲ್ಲೂಕಿನ ಕುಲಗೋಡದ ತಮ್ಮಣ್ಣನವರಿಂದ ಪ್ರಸಿದ್ಧಿಗೆ ಬಂದ ಶ್ರೀಕೃಷ್ಣ ಪಾರಿಜಾತ, ನಾಟಕ ಕಂಪನಿಗಳಿಗಿಂತ ಹಿಂದಿನದು. ಅದು ಬಯಲಾಟ ಪರಂಪರೆಯ ಸಣ್ಣಾಟ. ಅದನ್ನಾಡುವ ತಂಡಕ್ಕೆ 'ಮೇಳ' ಎಂಬ ಹೆಸರು ಮೊದಲೇ ಇತ್ತು.