ಸ್ಪೀಡೋಮೀಟರ್ ಮುಳ್ಳು ನಿಂತರೆ ಸೆನ್ಸರ್ ಬದಲಿಸಲೇಬೇಕೆ?

ಕಾರು ಓಡುತ್ತಿದ್ದರೂ ಸ್ಪೀಡೋಮೀಟರ್ ಮುಳ್ಳು ಸೊನ್ನೆಯಲ್ಲೇ ಇದ್ದರೆ, ಅಥವಾ ಸ್ಕ್ಯಾನರ್‌ನಲ್ಲಿ ಪಿ0500 ಎಂಬ ಕೋಡ್ ಬಂದರೆ, ಸ್ಪೀಡ್ ಸೆನ್ಸರ್ ಹಾಳಾಗಿದೆ, ಕೂಡಲೇ ಬದಲಿಸಿ ಎನ್ನುವ ಸಲಹೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸಿಗುತ್ತದೆ. ಇದು ಅರ್ಧ ಸತ್ಯ. ಸೆನ್ಸರ್ ಹಾಳಾಗಿರಲೂಬಹುದು. ಆದರೆ ವೈರ್ ತುಂಡಾಗಿದ್ದರೂ ಕಾಣುವುದು ಇದೇ ಲಕ್ಷಣ, ಬರುವುದು ಇದೇ ಕೋಡ್. ಪರೀಕ್ಷಿಸದೆ ಹೊಸದು ಹಾಕಿಸಿದರೆ ದುಡ್ಡೂ ಹೋಗಿ, ಮುಳ್ಳೂ ಅಲ್ಲಾಡದೆ ಉಳಿಯಬಹುದು.

ವೇಗ ಗೊತ್ತಾಗುವುದು ಹೇಗೆ?

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದಲ್ಲಿ ಗೇರ್‌ಬಾಕ್ಸ್‌ನಿಂದ ಬರುವ ಕೇಬಲ್ ತಿರುಗಿ ಮುಳ್ಳನ್ನು ಆಡಿಸುತ್ತಿತ್ತು. ಆಮೇಲೆ ಆ ಜಾಗಕ್ಕೆ ಸೆನ್ಸರ್ ಬಂತು. ಚಕ್ರದ ಜೊತೆ ಹಲ್ಲುಗಳಿರುವ ಒಂದು ರಿಂಗ್ ತಿರುಗುತ್ತದೆ. ಪ್ರತಿ ಹಲ್ಲು ಹಾದುಹೋದಾಗ ಸೆನ್ಸರ್ ಒಂದು ಮಿಡಿತ ಕಳಿಸುತ್ತದೆ. ಮಿಡಿತಗಳನ್ನು ಎಣಿಸಿ ಕಾರಿನ ಕಂಪ್ಯೂಟರ್ ವೇಗ ಲೆಕ್ಕ ಹಾಕುತ್ತದೆ. ಮುಳ್ಳಿಗೆ ಮಾತ್ರವಲ್ಲ, ಆಟೊಮ್ಯಾಟಿಕ್ ಗೇರ್, ಕ್ರೂಸ್ ಕಂಟ್ರೋಲ್, ಹಲವು ಕಾರುಗಳಲ್ಲಿ ಪವರ್ ಸ್ಟೀರಿಂಗ್‌ಗೂ ಈ ಲೆಕ್ಕ ಬೇಕು. ಗೇರ್ ಜರ್ಕ್ ಹೊಡೆಯುವುದು, ಕಿಲೋಮೀಟರ್ ಏರದಿರುವುದು ಇದೇ ದೋಷದ ಲಕ್ಷಣ ಆಗಿರಬಹುದು.

ಎಬಿಎಸ್ ಇರುವ ಅನೇಕ ಕಾರುಗಳಲ್ಲಿ ಗೇರ್‌ಬಾಕ್ಸ್ ಮೇಲೆ ಪ್ರತ್ಯೇಕ ಸ್ಪೀಡ್ ಸೆನ್ಸರ್ ಇರುವುದೇ ಇಲ್ಲ, ಚಕ್ರಗಳ ಸೆನ್ಸರ್‌ಗಳಿಂದಲೇ ವೇಗ ಸಿಗುತ್ತದೆ. ಹಾಗಾಗಿ ನಿಮ್ಮ ಕಾರಿಗೆ ವೇಗ ಎಲ್ಲಿಂದ ಬರುತ್ತದೆ ಎಂದು ಮೊದಲು ಕೇಳಿಕೊಳ್ಳಿ.

ಪರೀಕ್ಷೆ ಹೇಗೆ?

ಪಿ0500 ಎಂದರೆ ವೇಗದ ಸಿಗ್ನಲ್ ಸರಿಯಾಗಿ ಬರುತ್ತಿಲ್ಲ ಎಂದಷ್ಟೇ. ಯಾವ ಭಾಗ ಕೆಟ್ಟಿದೆ ಎಂದು ಕೋಡ್ ಹೇಳುವುದಿಲ್ಲ. ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ ತೆರೆದು ಕಾರು ಓಡಿಸಿ (ಓದುವುದು ಪಕ್ಕದವರ ಕೆಲಸ). ಸ್ಕ್ಯಾನರ್ 40 ತೋರಿಸಿ ಮುಳ್ಳು ಸೊನ್ನೆಯಲ್ಲಿದ್ದರೆ ಸೆನ್ಸರ್ ಮೇಲೆ ಅನುಮಾನ ಬೇಡ, ಮೀಟರ್ ಅಥವಾ ಅದರ ವೈರಿಂಗ್ ನೋಡಿಸಿ. ಎರಡೂ ಸೊನ್ನೆಯಾದರೆ ಫ್ಯೂಸ್, ಕನೆಕ್ಟರ್, ವೈರ್ ನೋಡಿದ ಮೇಲೆ ಸೆನ್ಸರ್ ಸರದಿ. ಇಲಿ ಕಡಿದ ವೈರ್, ನೀರು ನುಗ್ಗಿ ಹಸಿರುಗಟ್ಟಿದ ಪಿನ್ ನಮ್ಮ ಕಡೆ ಅಪರೂಪವಲ್ಲ.

ಗೇರ್‌ಬಾಕ್ಸ್ ಮೇಲಿನ ಮೂರು ವೈರ್ ಸೆನ್ಸರ್‌ನಲ್ಲಿ ಒಂದು ಕರೆಂಟಿಗೆ, ಒಂದು ಅರ್ಥಿಂಗ್‌ಗೆ, ಒಂದು ಸಿಗ್ನಲ್‌ಗೆ. ಇಗ್ನಿಷನ್ ಆನ್ ಮಾಡಿ ಮಲ್ಟಿಮೀಟರ್ ಹಿಡಿದರೆ ಮೊದಲನೆಯದರಲ್ಲಿ ಕಾರಿಗೆ ತಕ್ಕಂತೆ 5 ಅಥವಾ 12 ವೋಲ್ಟ್ ಬರಬೇಕು. ಬರದಿದ್ದರೆ ಎಷ್ಟು ಹೊಸ ಸೆನ್ಸರ್ ಹಾಕಿದರೂ ವ್ಯರ್ಥ. ಬಂದರೆ ಎಂಜಿನ್ ಆಫ್ ಇಟ್ಟು, ನ್ಯೂಟ್ರಲ್‌ನಲ್ಲಿ ಮುಂದಿನ ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿ. ಸಿಗ್ನಲ್ ವೈರ್‌ನಲ್ಲಿ ವೋಲ್ಟೇಜ್ ಏರಿ ಇಳಿಯುತ್ತಿರಬೇಕು.

ಇಲ್ಲಿ ಅನುಭವಸ್ಥರೂ ಎಡವುತ್ತಾರೆ. ಮುಂದಿನ ಚಕ್ರಗಳಿಂದ ಓಡುವ ಕಾರಿನಲ್ಲಿ ಒಂದೇ ಚಕ್ರ ಎತ್ತಬೇಕು. ಎರಡೂ ಎತ್ತಿದರೆ, ಒಂದನ್ನು ತಿರುಗಿಸಿದಾಗ ಡಿಫರೆನ್ಷಿಯಲ್‌ನಿಂದಾಗಿ ಇನ್ನೊಂದು ಹಿಮ್ಮುಖವಾಗಿ ತಿರುಗಬಹುದು. ಆಗ ಸೆನ್ಸರ್ ನೋಡುವ ರಿಂಗ್ ಅಲ್ಲಾಡುವುದೇ ಇಲ್ಲ, ಒಳ್ಳೆಯ ಸೆನ್ಸರ್‌ಗೂ ಕೆಟ್ಟ ಹೆಸರು ಬರುತ್ತದೆ. ಬರೀ ಜಾಕ್ ನಂಬಬೇಡಿ. ಸ್ಟ್ಯಾಂಡ್ ಕೊಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಹಿಂದಿನ ಚಕ್ರಗಳಿಗೆ ಕಲ್ಲಿಡಿ. ಅಭ್ಯಾಸವಿಲ್ಲದಿದ್ದರೆ ಇದನ್ನು ಗ್ಯಾರೇಜಿಗೇ ಬಿಡಿ.

ಫೋನಿನ ವೇಗ ಬೇರೆ ತೋರಿಸಿದರೆ?

ಜಿಪಿಎಸ್ 80 ಎಂದು, ಮುಳ್ಳು 85 ಎಂದು ತೋರಿಸಿದರೆ ಸೆನ್ಸರ್ ಹೋಯಿತು ಎನ್ನುವುದು ಸುಳ್ಳು. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಸ್ಪೀಡೋಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸಬಾರದು, ಹೆಚ್ಚು ತೋರಿಸಬಹುದು. ಶೇ 10 ಮತ್ತು ಅದರ ಮೇಲೆ 4 ಕಿ.ಮೀ.ವರೆಗೆ, ಅಂದರೆ 80ಕ್ಕೆ 92ರ ತನಕ. ಮುಳ್ಳು ಒಮ್ಮೆಲೇ ಬಿದ್ದು ಮತ್ತೆ ಏರಿದರೆ ಮಾತ್ರ ಅನುಮಾನಪಡಿ.

ಹಳೆ ಕಾರು ಕೊಳ್ಳುವವರು ಇನ್ನೊಂದು ಗಮನಿಸಿ. ಅನೇಕ ಕಾರುಗಳಲ್ಲಿ ಸೆನ್ಸರ್ ಕನೆಕ್ಟರ್ ಕಿತ್ತಿಟ್ಟರೆ ಕಿಲೋಮೀಟರ್ ಏರುವುದಿಲ್ಲ. ಮೀಟರ್ ನಿಂತಿದೆ, ಸಣ್ಣ ರಿಪೇರಿ ಎನ್ನುವ ಕಾರಿನ ಓಟದ ಲೆಕ್ಕವನ್ನು ಸರ್ವಿಸ್ ದಾಖಲೆ ಜೊತೆ ತಾಳೆ ನೋಡಿ.

ಮುಳ್ಳಿನ ಜೊತೆ ಎಬಿಎಸ್ ದೀಪವೂ ಉರಿಯುತ್ತಿದ್ದರೆ ಚಕ್ರದ ಸೆನ್ಸರ್ ಕಡೆ ನೋಡಿಸಿ. ಎಬಿಎಸ್ ದೀಪ ಮಾತ್ರ ಉರಿದಾಗ ಮಾಮೂಲಿ ಬ್ರೇಕ್ ಸಾಮಾನ್ಯವಾಗಿ ಹಿಡಿಯುತ್ತದೆ. ಆದರೆ ಒದ್ದೆ ರಸ್ತೆಯಲ್ಲಿ ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗಿ ಕಾರು ಜಾರಬಹುದು. ಗ್ಯಾರೇಜ್ ತಲುಪುವವರೆಗೆ ನಿಧಾನವಾಗಿ, ಮುಂದಿನ ವಾಹನದಿಂದ ದೂರ ಬಿಟ್ಟು ಓಡಿಸಿ.