ಹರೀಶ್ ಕೊಟ್ಟ ಕಣ್ಣು

ಗುಬ್ಬಿ ತಾಲ್ಲೂಕಿನ ಹರೀಶ್ ನೆನಪಿದೆಯಾ? 2016ರ ಫೆಬ್ರವರಿ 16. ಊರಿನಿಂದ ಬೈಕಿನಲ್ಲಿ ಬೆಂಗಳೂರಿಗೆ ಹೊರಟಿದ್ದರು. ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾಯಿತು. ಆಗಲೂ ಅವರು ಕೇಳಿದ್ದು, ನನ್ನ ಅಂಗಾಂಗ ದಾನ ಮಾಡಿ ಅಂತ. ಆ ಸುದ್ದಿ ಓದುವಾಗ ನನ್ನ ಗಂಟಲು ಕಟ್ಟಿತ್ತು. ಕೊನೆಗೆ ದಾನವಾಗಿದ್ದು ಕಣ್ಣು.

ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ. ಹಾಗಾಗಿ ಬೇರೆಯವರ ಕಾರ್ನಿಯಾವನ್ನು ದೇಹ ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತೆ. ಕಿಡ್ನಿ ಹಾಗಲ್ಲ. ‘ಇದು ನಮ್ಮದಲ್ಲ’ ಅಂತ ರಕ್ತದ ಬಿಳಿಕಣಗಳು ಮೇಲೆ ಬೀಳುತ್ತವೆ. ಈ ಕಾವಲುಗಾರರನ್ನು ಸುಮ್ಮನಾಗಿಸೋದು ಹೇಗೆ? ಹರ್ಮನ್ ವಾಲ್ಡ್‌ಮನ್ ಎಂಬ ವಿಜ್ಞಾನಿ ತಮ್ಮ ವೃತ್ತಿಜೀವನವನ್ನೇ ಈ ಪ್ರಶ್ನೆಗೆ ಕೊಟ್ಟರು. ಕೇಂಬ್ರಿಡ್ಜ್‌ನಲ್ಲಿ ಅವರ ತಂಡ ಇಲಿಯಿಂದ ‘ಕ್ಯಾಂಪಾತ್’ ಎಂಬ ಪ್ರತಿಕಾಯ ಪಡೆಯಿತು. 1988ರಲ್ಲಿ ಗ್ರೆಗ್ ವಿಂಟರ್ ಜೊತೆ ಸೇರಿ ಅದನ್ನು ಮನುಷ್ಯನ ದೇಹಕ್ಕೆ ಒಗ್ಗುವಂತೆ ಬದಲಿಸಿದರು. ಅಸ್ಥಿಮಜ್ಜೆ, ಕಿಡ್ನಿ ಕಸಿಗೆ ಅದು ಬಳಕೆಯಾಯಿತು. 2001ರಲ್ಲಿ ಒಂದು ಬಗೆಯ ರಕ್ತದ ಕ್ಯಾನ್ಸರ್‌ಗೂ ಅಮೆರಿಕದ ಒಪ್ಪಿಗೆ ಸಿಕ್ಕಿತು.

ಆದರೆ ನೋಡಿ, ಔಷಧ ಇದ್ದರೂ ಅಂಗ ಬೇಕಲ್ಲ? ಅದನ್ನು ಕೊಡಬೇಕಾದವರು ತುಮಕೂರು, ಗುಬ್ಬಿ, ಕುಣಿಗಲ್‌ನಲ್ಲಿರುವ ನಮ್ಮ ನಿಮ್ಮಂಥವರೇ. ಸತ್ತ ಮೇಲೆ ಒಪ್ಪಿಗೆ ಕೊಡೋದು ಮನೆಯವರು. ಅದಕ್ಕೇ ನಿಮ್ಮ ಇಷ್ಟವನ್ನು ಇವತ್ತು ರಾತ್ರಿ ಊಟಕ್ಕೆ ಕೂತಾಗಲೇ ಹೇಳಿಡಿ.